ಗರಡಿಯ ಗುರು, ಸಂಘದ ಅಧ್ಯಕ್ಷ

ಗರಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ಯಾವ ಪಟ್ಟನ್ನೂ ಹೇಳಿಕೊಡುವುದಿಲ್ಲ. ಕೆಮ್ಮಣ್ಣಿನ ಮಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಗೋಡೆಯ ಮೇಲಿನ ಆಂಜನೇಯನಿಗೆ ಕೈಮುಗಿಯಬೇಕು, ವಸ್ತಾದರ ಕಾಲಿಗೆ ನಮಸ್ಕರಿಸಬೇಕು. ಆಮೇಲೆ ಮಣ್ಣು ಹದ ಮಾಡುವ ಕೆಲಸ. ಎಷ್ಟು ದಂಡೆ, ಎಷ್ಟು ಬಸ್ಕಿ, ಯಾರೊಡನೆ ಹಿಡಿಯಬೇಕು, ಯಾವಾಗ ಬಿಡಬೇಕು, ಎಲ್ಲವೂ ವಸ್ತಾದರ ಮಾತಿನಂತೆ. ‘ಏಕೆ?’ ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಅದು ಹಾಗೆಯೇ ಇರತಕ್ಕದ್ದು. ಕತ್ತು ಒಂದಿಷ್ಟು ತಿರುಚಿದರೂ ಪ್ರಾಣಕ್ಕೆ ಬರುವ ವಿದ್ಯೆಯಲ್ಲಿ, ಕಲಿಯುವವನು ಕಲಿಸುವವನೊಡನೆ ವಾದಕ್ಕೆ ನಿಂತರೆ ಮೊದಲು ಮುರಿಯುವುದು ಅವನ ಮೂಳೆಯೇ.

ಹತ್ತು ಗರಡಿಗಳು ಸೇರಿ ಒಂದು ಸಂಘವನ್ನು ಕಟ್ಟಿಕೊಳ್ಳುತ್ತವೆ ಎನ್ನಿ. ಎಲ್ಲರಿಗಿಂತ ಹಿರಿಯರಾದ ವಸ್ತಾದರನ್ನೇ ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಅವರು ಕುರ್ಚಿಯಲ್ಲಿ ಕುಳಿತಾಗ ಗರಡಿಯ ಆ ಪದ್ಧತಿಯೂ ಅವರ ಮಗ್ಗುಲಲ್ಲೇ ಬಂದು ಕುಳಿತುಬಿಡುತ್ತದೆ. ತೊಂದರೆ ಮೊದಲಾಗುವುದು ಅಲ್ಲಿ. ಗುರುವಿಗೆ ಸಲ್ಲುವ ಮರ್ಯಾದೆ ಬೇರೆ, ಅಧ್ಯಕ್ಷನ ಅಧಿಕಾರ ಬೇರೆ. ಇವೆರಡೂ ಒಂದಾದರೆ ವಿದ್ಯೆಗೂ ಕೇಡು, ಕಲಿಯುವ ಮಕ್ಕಳಿಗೂ ಕೇಡು. ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಇದೇ.

ಕನ್ನಡ ಪಂಡಿತನಿಗೆ ಕುಸ್ತಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಪ್ರೌಢಶಾಲೆಯ ಮೇಷ್ಟರಿಗೆ ಎಲ್ಲದರ ಗೊಡವೆಯೂ ಬರುತ್ತದೆ. ಒಮ್ಮೆ ಒಬ್ಬ ತಂದೆ ಹತ್ತನೆಯ ತರಗತಿಯ ತಮ್ಮ ಮಗಳನ್ನು ಕರೆದುಕೊಂಡು ಬಂದು ಎರಡು ಸರ್ಟಿಫಿಕೇಟುಗಳನ್ನು ನನ್ನ ಮೇಜಿನ ಮೇಲಿಟ್ಟರು. ಒಂದೇ ವಿದ್ಯೆ, ಸಂಘಗಳು ಎರಡು. ಎರಡರ ಹೆಸರಿನಲ್ಲಿಯೂ ‘ರಾಜ್ಯ’ ಎಂಬ ಮಾತಿದೆ, ಎರಡಕ್ಕೂ ದೊಡ್ಡ ಮೊಹರಿದೆ. “ಸಾರ್, ಕ್ರೀಡಾ ಕೋಟಾಕ್ಕೆ ಇದರಲ್ಲಿ ಯಾವುದು ನಡೆಯುತ್ತೆ?” ಎಂದರು. ವಿಚಾರಿಸಿದಾಗ ತಿಳಿದದ್ದು, ಒಂದಕ್ಕೆ ಎಲ್ಲಿಯೂ ಮಾನ್ಯತೆಯೇ ಇಲ್ಲ. ಆ ಹುಡುಗಿ ಬೆಳಗಿನ ಜಾವ ಐದಕ್ಕೆ ಎದ್ದು ವರ್ಷಗಟ್ಟಲೆ ಗಳಿಸಿದ್ದರಲ್ಲಿ ಹೆಚ್ಚಿನ ಪಾಲು ಆ ಸಂಘದ ಪಂದ್ಯಗಳಲ್ಲೇ. ಕಾಲೇಜಿನ ಸೀಟು, ಪೊಲೀಸ್ ಇಲಾಖೆಯ ಕೆಲಸ, ರೈಲ್ವೆಯ ಕೆಲಸ, ಇಷ್ಟೆಲ್ಲ ಇಂದು ಒಂದು ಸಂಘದ ಕಾಗದವನ್ನು ಅವಲಂಬಿಸಿವೆ. ಆದುದರಿಂದ ಆ ಸಂಘವನ್ನು ಯಾರು, ಹೇಗೆ ನಡೆಸುತ್ತಾರೆ ಎಂಬುದು ಮನೆಮನೆಯ ವಿಚಾರವೇ ಹೊರತು ಪೈಲ್ವಾನರ ಸ್ವಂತ ವಿಚಾರವಲ್ಲ.

ಸಂಘ ಮಾಡುವ ಕೆಲಸವಾದರೂ ಏನು? ಪಟ್ಟು ಕಲಿಸುವುದಲ್ಲ, ಅದು ಗರಡಿಯ ಕೆಲಸ. ತಂಡಕ್ಕೆ ಯಾರು ಹೋಗಬೇಕೆಂದು ಆರಿಸುವುದು, ತೀರ್ಪುಗಾರರನ್ನು ಗೊತ್ತುಮಾಡುವುದು, ಹಣ ಇಟ್ಟುಕೊಳ್ಳುವುದು, ಸರ್ಟಿಫಿಕೇಟು ಕೊಡುವುದು, ದೂರು ಬಂದರೆ ಕೇಳುವುದು. ಇವೆಲ್ಲವೂ ನ್ಯಾಯಾಧೀಶನ ಕೆಲಸಕ್ಕೆ ಹತ್ತಿರವಾದವು. ಗುರುವಿಗೆ ಶಿಷ್ಯನ ಮೇಲೆ ಪ್ರೀತಿ ಇರಬೇಕು. ನ್ಯಾಯ ಹೇಳುವವನಿಗೆ ಆ ಪ್ರೀತಿಯೇ ಅಡ್ಡಿ.

ಮಹಾಭಾರತದ ಗದಾಯುದ್ಧವನ್ನು ನೆನೆಯಿರಿ. ಭೀಮನಿಗೂ ದುರ್ಯೋಧನನಿಗೂ ಗದಾವಿದ್ಯೆಯನ್ನು ಕಲಿಸಿದವನು ಬಲರಾಮ. ಇಬ್ಬರಿಗೂ ಗುರು, ಆದರೆ ಒಲವು ದುರ್ಯೋಧನನ ಕಡೆಗೆ. ಇತ್ತ ಕೃಷ್ಣ ಪಾಂಡವರ ಪಕ್ಷ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಬಲ್ಲವರೇ ಅಲ್ಲಿ ನೆರೆದವರೆಲ್ಲ. ಆದರೂ ಭೀಮ ತೊಡೆಗೆ ಹೊಡೆದ. ಬಲರಾಮ ನೇಗಿಲೆತ್ತಿ ಎದ್ದ, ಕೃಷ್ಣ ಅವನನ್ನು ತಡೆದು ಸಮಾಧಾನ ಹೇಳಿದ, ಅಲ್ಲಿಗೆ ಮುಗಿಯಿತು. ಹದಿನೆಂಟು ಅಕ್ಷೋಹಿಣಿ ಸೈನ್ಯ ಕಲೆತ ಆ ಯುದ್ಧದ ಕೊನೆಯ ಕಾಳಗಕ್ಕೆ, ಎರಡು ಕಡೆಗೂ ಸೇರದ ಒಬ್ಬ ತೀರ್ಪುಗಾರ ಇರಲಿಲ್ಲ! ತರಗತಿಯಲ್ಲಿ ಈ ಭಾಗವನ್ನು ಪಾಠ ಮಾಡುವಾಗಲೆಲ್ಲ ಹುಡುಗರು ಕೇಳುವುದು ಇದನ್ನೇ: “ಹಾಗಾದರೆ ಅದು ಫೌಲ್ ಅಲ್ಲವೆ, ಸಾರ್?” ಫೌಲೇ. ಆದರೆ ಹೇಳಬೇಕಾದವರು ಯಾರು?

ಇದು ಪುರಾಣದ ಮಾತಾಯಿತು. ನಮ್ಮ ಕಾಲದ್ದನ್ನು ನೋಡಬೇಕಾದರೆ ಜಪಾನಿನ ಜೂಡೋ ವಿದ್ಯೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ವಿದ್ಯೆಯನ್ನು ರೂಪಿಸಿದವರು ಕಾನೋ ಜಿಗೋರೋ. ವೃತ್ತಿಯಿಂದ ಉಪಾಧ್ಯಾಯರು, ಟೋಕಿಯೋದ ಉನ್ನತ ಶಿಕ್ಷಕರ ಶಾಲೆಗೆ ಮುಖ್ಯಸ್ಥರಾಗಿದ್ದವರು. ೧೮೮೨ರಲ್ಲಿ ಒಂದು ಬೌದ್ಧ ದೇವಾಲಯದ ಕೋಣೆಯಲ್ಲಿ, ೧೨ ಚಾಪೆ ಹಾಸುವಷ್ಟು ಜಾಗದಲ್ಲಿ, ಕೊಡೋಕನ್ ಎಂಬ ಶಾಲೆಯನ್ನು ತೆರೆದರು. ೧೯೦೯ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸದಸ್ಯರಾದರು, ಏಷ್ಯಾ ಖಂಡದಿಂದ ಮೊದಲನೆಯವರಾಗಿ. ಅವರ ವಿದ್ಯೆ ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆಯಿತು. ನೋಡುವುದಕ್ಕೆ ಅವರು ಆಗ ಬದುಕಿರಲಿಲ್ಲ, ೧೯೩೮ರಲ್ಲೇ ತೀರಿಕೊಂಡಿದ್ದರು.

ಇಡೀ ದೇಶದ ಜೂಡೋ ಆಟಕ್ಕೆ ೧೯೪೯ರಲ್ಲಿ ಒಂದು ಒಕ್ಕೂಟ ಹುಟ್ಟಿತು. ಅದಕ್ಕೆ ಅಧ್ಯಕ್ಷರಾದವರು ಯಾರು? ಕೊಡೋಕನ್ನಿನ ಹಿರಿಯರೇ. ಮೊದಲು ಕಾನೋ ಅವರ ಮಗ, ಆಮೇಲೆ ಮೊಮ್ಮಗ, ಆಮೇಲೆ ಒಬ್ಬ ಒಲಿಂಪಿಕ್ ವಿಜೇತರು. ಅವರೆಲ್ಲ ದೊಡ್ಡವರೇ. ಆದರೆ ಗುರುಪೀಠವೂ ಅಧ್ಯಕ್ಷಪೀಠವೂ ಆರು ದಶಕ ಒಂದೇ ಆಗಿದ್ದದ್ದರ ಫಲ ೨೦೧೨-೧೩ರಲ್ಲಿ ಕಾಣಿಸಿತು. ರಾಷ್ಟ್ರೀಯ ತಂಡದ ಹೆಣ್ಣುಮಕ್ಕಳಿಗೆ ಅವರ ಮುಖ್ಯ ತರಬೇತುದಾರ ಕೆನ್ನೆಗೆ ಹೊಡೆಯುತ್ತಾನೆ, ಬಿದಿರ ಕತ್ತಿಯಿಂದ ಬಡಿಯುತ್ತಾನೆ ಎಂಬ ದೂರು ಮೊದಲು ಒಕ್ಕೂಟಕ್ಕೇ ಹೋಯಿತು. ಒಕ್ಕೂಟ ಅವನಿಗೆ ಎಚ್ಚರಿಕೆ ಹೇಳಿ ಅದೇ ಸ್ಥಾನದಲ್ಲಿ ಮುಂದುವರಿಸಿತು. ಕೊನೆಗೆ ೧೫ ಮಂದಿ ಹೆಣ್ಣುಮಕ್ಕಳು ಸೇರಿ ಒಕ್ಕೂಟವನ್ನು ದಾಟಿ ಜಪಾನಿನ ಒಲಿಂಪಿಕ್ ಸಮಿತಿಗೆ ಬರೆದುಕೊಂಡರು. ೨೦೧೩ರ ಜನವರಿಯಲ್ಲಿ ಅದು ಊರಿಗೆಲ್ಲ ತಿಳಿಯಿತು. ತರಬೇತುದಾರ ಹೋದ. ಅದರ ಬೆನ್ನಿಗೇ ಅನುದಾನದ ಹಣ ದುರುಪಯೋಗವಾದ ಸಂಗತಿಯೂ ಹೊರಬಿದ್ದು, ಆಗಸ್ಟಿನಲ್ಲಿ ಅಧ್ಯಕ್ಷರೂ ಹೋದರು. ಅವರ ಜಾಗಕ್ಕೆ ಬಂದವರು ಉಕ್ಕಿನ ಕಾರ್ಖಾನೆಯ ಆಡಳಿತ ನೋಡಿದ್ದ, ಹೊರಗಿನ ಒಬ್ಬ ದೊಡ್ಡ ಮನುಷ್ಯರು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಕ್ಕೂಟವನ್ನು ಬಿಟ್ಟ ಆ ಅಧ್ಯಕ್ಷರು ಕೊಡೋಕನ್ನಿನ ಹಿರಿಯರಾಗಿ ಉಳಿದರು. ಶಾಲೆಗೆ ಗುರುವಾಗಿ ಅವರ ಗೌರವ ಅವರಿಗಿತ್ತು. ಲೆಕ್ಕ, ದೂರು, ಆಯ್ಕೆಗಳು ಮಾತ್ರ ಬೇರೆಯವರ ಕೈಗೆ ಹೋದವು. ೧೯೪೯ರಲ್ಲೇ ಹಾಗೆ ಮಾಡಿದ್ದರೆ ಏನು ನಷ್ಟವಾಗುತ್ತಿತ್ತು?

ಆಟ ಬಲ್ಲವರೇ ಆಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಸಾಲದು. ಅದೇ ಜಪಾನಿನ ಸುಮೋ ಸಂಘವನ್ನು ಆಳುವವರು ನಿವೃತ್ತ ಮಲ್ಲರು. ಹಾಗಿದ್ದೂ ೨೦೧೧ರಲ್ಲಿ ಮಲ್ಲರು ಮೊದಲೇ ಮಾತಾಡಿಕೊಂಡು ಸೋಲುಗೆಲವು ಹಂಚಿಕೊಳ್ಳುತ್ತಿದ್ದುದು ಬಯಲಾಗಿ, ಮಾರ್ಚ್ ತಿಂಗಳ ಒಸಾಕಾ ಪಂದ್ಯಾವಳಿಯನ್ನೇ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ರೋಗವಿದೆ. ಲಂಗೋಟಿಯ ಗಂಟು ಹಾಕುವುದು ಹೇಗೆಂದು ತಿಳಿಯದ ಧಣಿಗಳು ಅಧ್ಯಕ್ಷರಾಗುತ್ತಾರೆ. ಅವರಿಗೆ ‘ಪೋಷಕರು’ ಎಂಬ ಸ್ಥಾನವಿದೆಯಲ್ಲ, ಅದೇ ಅವರಿಗೆ ಶೋಭೆ. ಹಾರ ಹಾಕೋಣ, ಬೆಳ್ಳಿ ಗದೆಯನ್ನು ಅವರ ಕೈಯಿಂದಲೇ ಕೊಡಿಸೋಣ. ಚೆಕ್ಕಿಗೆ ರುಜು ಹಾಕುವ ಅಧಿಕಾರ ಬೇಡ.

ನಮ್ಮ ದೇಶದ ಕುಸ್ತಿಗೆ ೨೦೨೩ರಲ್ಲಿ ಏನಾಯಿತೆಂಬುದನ್ನು ನೀವೂ ಕೇಳಿದ್ದೀರಿ. ಆ ವರ್ಷದ ಜನವರಿಯಲ್ಲಿ ಪದಕ ಗೆದ್ದ ಪೈಲ್ವಾನರೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಫೆಡರೇಷನ್ನಿನ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಬಂತು, ಅವರು ಅದನ್ನು ಅಲ್ಲಗಳೆದರು. ಆರೋಪದ ತೀರ್ಪು ನ್ಯಾಯಾಲಯದ್ದು, ಮೇಷ್ಟರದಲ್ಲ. ನಾನು ಕೇಳುವ ಪ್ರಶ್ನೆ ಬೇರೆ. ದೂರು ಹೇಳಬೇಕಾದ ಹೆಣ್ಣುಮಗಳು ಬೀದಿಗೆ ಬರುವ ಮೊದಲು ಹೋಗಬಹುದಾದ ಬಾಗಿಲು ಯಾವುದಿತ್ತು? ಇಂಥ ದೂರು ಕೇಳುವುದಕ್ಕೆ ಪ್ರತಿಯೊಂದು ಸಂಸ್ಥೆಯಲ್ಲೂ ಮಹಿಳೆಯ ಅಧ್ಯಕ್ಷತೆಯ, ಅರ್ಧಕ್ಕೆ ಕಡಮೆಯಿಲ್ಲದಂತೆ ಮಹಿಳೆಯರಿರುವ, ಹೊರಗಿನ ಸದಸ್ಯರೊಬ್ಬರಿರುವ ಸಮಿತಿ ಇರಬೇಕೆಂದು ೨೦೧೩ರ ಕಾಯ್ದೆ ಹೇಳುತ್ತದೆ. ಹತ್ತು ವರ್ಷ ಕಳೆದ ಮೇಲೆ, ೨೦೨೩ರ ಮೇ ತಿಂಗಳಲ್ಲಿ, ಅಂಥ ಸಮಿತಿ ಸರಿಯಾಗಿಲ್ಲವೆಂಬ ವಿಷಯದಲ್ಲಿ ಮಾನವ ಹಕ್ಕುಗಳ ಆಯೋಗವು ಕುಸ್ತಿಯ ಫೆಡರೇಷನ್ ಸೇರಿ ಹಲವು ಕ್ರೀಡಾ ಫೆಡರೇಷನ್‌ಗಳಿಗೆ ನೋಟೀಸು ಕೊಡಬೇಕಾಯಿತು.

ಚುನಾವಣೆ ಹೊತ್ತಿಗೆ ನಡೆಯದೆ ಮುಂದೆ ಮುಂದೆ ಹೋಯಿತು. ಆಗಸ್ಟಿನಲ್ಲಿ ವಿಶ್ವ ಕುಸ್ತಿ ಸಂಸ್ಥೆ ನಮ್ಮ ಫೆಡರೇಷನ್ನನ್ನು ಅಮಾನತುಗೊಳಿಸಿತು. ಸೆಪ್ಟೆಂಬರಿನ ಬೆಲ್‌ಗ್ರೇಡ್ ವಿಶ್ವ ಪಂದ್ಯಾವಳಿಯಲ್ಲಿ ನಮ್ಮವರು ತ್ರಿವರ್ಣ ಧ್ವಜವಿಲ್ಲದೆ ಇಳಿದರು. ಅಂತಿಮ್ ಪಂಘಾಲ್ ಎಂಬ ಎಳೆಯ ಹುಡುಗಿ ಅಲ್ಲಿ ಕಂಚು ಗೆದ್ದು ಪ್ಯಾರಿಸ್ ಒಲಿಂಪಿಕ್ಸಿನ ಸ್ಥಾನವನ್ನೂ ಸಂಪಾದಿಸಿಕೊಟ್ಟಳು; ಫಲಕದಲ್ಲಿ ಅವಳ ಹೆಸರಿನ ಪಕ್ಕದಲ್ಲಿ ಭಾರತದ ಹೆಸರಿರಲಿಲ್ಲ. ಅವಳ ಪಟ್ಟಿನಲ್ಲಿ ಕೊರತೆಯಿತ್ತೆ? ಚುನಾವಣೆ ಮಾಡಬೇಕಾದವರು ಮಾಡಲಿಲ್ಲ, ಅಷ್ಟೆ. ವಿಶ್ವ ಸಂಸ್ಥೆಯ ಅಮಾನತು ೨೦೨೪ರ ಫೆಬ್ರವರಿಯಲ್ಲಿ ತೆರವಾಯಿತು. ಚುನಾವಣೆಯ ಬಳಿಕ ಕೇಂದ್ರ ಸರ್ಕಾರ ತಾನಾಗಿ ಹಾಕಿದ ಅಮಾನತು ತೆಗೆಯುವ ಹೊತ್ತಿಗೆ ೨೦೨೫ರ ಮಾರ್ಚ್ ಬಂದಿತ್ತು.

ಅದೇ ವರ್ಷದ ಆಗಸ್ಟಿನಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ಕ್ರೀಡಾ ಆಡಳಿತದ ಕಾಯ್ದೆಯನ್ನು ಮಾಡಿತು. ರಾಷ್ಟ್ರೀಯ ಸಂಸ್ಥೆಗಳ ಕಾರ್ಯಸಮಿತಿಯಲ್ಲಿ ೧೫ಕ್ಕಿಂತ ಹೆಚ್ಚು ಮಂದಿ ಇರಕೂಡದು, ಅದರಲ್ಲಿ ಕನಿಷ್ಠ ೪ ಮಂದಿ ಮಹಿಳೆಯರು, ಆಟಗಾರರಿಗೂ ಸ್ಥಾನ. ವ್ಯಾಜ್ಯಗಳಿಗೆ ಒಂದು ನ್ಯಾಯಮಂಡಳಿ. ಒಳ್ಳೆಯದು. ಆದರೆ ದೆಹಲಿಯ ಕಾಯ್ದೆ ನಮ್ಮ ಜಿಲ್ಲೆಯ ಸಂಘದ ಬಾಗಿಲಿಗೆ ತಾನಾಗಿ ನಡೆದುಕೊಂಡು ಬರುವುದಿಲ್ಲ.

ಜಿಲ್ಲೆಯ ಸಂಘಕ್ಕೆ ಬೇಕಾದ ಮುಖ್ಯ ನಿಯಮವನ್ನು ಹುಡುಕಿಕೊಂಡು ಹೊರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನಲ್ಲೇ ಇದೆ. ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವುದು’ ಎಂಬ ಒಂದು ಕಾರ್ಯ ನಡೆಯುತ್ತದೆ. ಊರೂರಿನ ಪೈಲ್ವಾನರು ಬಂದು ನಿಲ್ಲುತ್ತಾರೆ. ಮೈಕಟ್ಟು, ತೂಕ, ಹಿಂದಿನ ಗೆಲವುಗಳನ್ನು ನೋಡಿ, ನೆರೆದ ಜನರ ಎದುರಿನಲ್ಲೇ ಇವನಿಗೆ ಇವನು ಸಮ ಎಂದು ಗೊತ್ತುಮಾಡುತ್ತಾರೆ. ಒಪ್ಪದವನು ಅಲ್ಲೇ ಹೇಳಬಹುದು. ಎಷ್ಟು ನೇರವಾದ ಪದ್ಧತಿ! ಸಂಘದ ಆಯ್ಕೆಗಳೂ ಹೀಗೆ ಬಯಲಿನಲ್ಲಿ ಆಗಬೇಕು. ತಂಡಕ್ಕೆ ಆರಿಸುವ ಕ್ರಮವನ್ನು ಪಂದ್ಯಕ್ಕೆ ಮುಂಚೆಯೇ ಬರೆದು ಗೋಡೆಗೆ ಅಂಟಿಸಬೇಕು. ಪಂದ್ಯ ಮುಗಿದ ಮೇಲೆ ಕ್ರಮವನ್ನು ಬರೆಯಹೊರಟರೆ ಅದು ಆಯ್ಕೆಯಾಗುವುದಿಲ್ಲ, ಗೆದ್ದವನ ಹೆಸರಿಗೆ ತಕ್ಕ ಹೊಲಿಗೆಯಾಗುತ್ತದೆ. ತನ್ನ ಗರಡಿಯ ಹುಡುಗ ಮಟ್ಟಿಗಿಳಿದಾಗ ಅಧ್ಯಕ್ಷರೇ ಆಗಲಿ, ಕಾರ್ಯದರ್ಶಿಯೇ ಆಗಲಿ ತೀರ್ಪಿನ ಕುರ್ಚಿಯಿಂದ ಏಳಬೇಕು. ಏಳುವುದು ಅವಮಾನವಲ್ಲ.

ಇನ್ನು ಕರ್ನಾಟಕದಲ್ಲಿ ೧೯೬೦ರ ಸಂಘಗಳ ನೋಂದಣಿ ಕಾಯ್ದೆ ಉಂಟು. ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಆಡಳಿತ ಮಂಡಳಿಯವರ ಪಟ್ಟಿಯನ್ನೂ ತಪಾಸಣೆಯಾದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಒಪ್ಪಿಸಬೇಕು. ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ಅರ್ಜಿ ಹಾಕಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಬಹುಮಂದಿ ಪೈಲ್ವಾನರಿಗೆ ಇದು ತಿಳಿಯದು. ಸಭೆಯೆಂದರೆ ಉಪ್ಪಿಟ್ಟು ಕಾಫಿ, ವಂದನಾರ್ಪಣೆ, ಅಷ್ಟೆ ಎಂದುಕೊಂಡಿದ್ದಾರೆ. ಗುರುವಿನ ಎದುರಿನಲ್ಲಿ ಲೆಕ್ಕ ಕೇಳುವುದು ಹೇಗೆ ಎಂಬ ಸಂಕೋಚ ಬೇರೆ. ಈ ಸಂಕೋಚವನ್ನು ಗುರುಗಳೇ ಬಿಡಿಸಬೇಕು. ಅಧ್ಯಕ್ಷರಾದ ವಸ್ತಾದರು ಸಭೆಯಲ್ಲಿ ತಾವೇ ಎದ್ದು, “ಲೆಕ್ಕದ ಪುಸ್ತಕ ಇಲ್ಲಿದೆ, ಓದು” ಎಂದು ಎಲ್ಲರಿಗಿಂತ ಕಿರಿಯ ಸದಸ್ಯನ ಕೈಗೆ ಕೊಟ್ಟರೆ ಅವನ ನಾಲಗೆ ತಾನಾಗಿ ಸಡಿಲುತ್ತದೆ.

ಮಕ್ಕಳನ್ನು ಕುಸ್ತಿಗೋ ಜೂಡೋಗೋ ಕರಾಟೆಗೋ ಸೇರಿಸುವ ತಂದೆತಾಯಿಗಳು ಶುಲ್ಕ ಕಟ್ಟುವ ಮುಂಚೆ ಕೇಳಬೇಕಾದ ನಾಲ್ಕು ಮಾತುಗಳಿವೆ. ನಿಮ್ಮ ಸಂಘಕ್ಕೆ ಮಾನ್ಯತೆ ಕೊಟ್ಟವರು ಯಾರು? ಕಳೆದ ಚುನಾವಣೆ ಯಾವಾಗ ನಡೆಯಿತು? ಲೆಕ್ಕವನ್ನು ಎಲ್ಲಿ ನೋಡಬಹುದು? ನನ್ನ ಮಗಳಿಗೆ ತೊಂದರೆಯಾದರೆ ಅವಳು ಯಾರ ಬಳಿಗೆ ಹೋಗಬೇಕು, ಅವರು ತರಬೇತುದಾರರ ನೆಂಟರೆ? ಕೊನೆಯದನ್ನು ಕೇಳುವಾಗ ಮಗಳೂ ಪಕ್ಕದಲ್ಲಿರಲಿ. ಬರುವ ಹೆಸರನ್ನು ಅವಳೇ ಬರೆದುಕೊಳ್ಳಲಿ.