ಮೂರ್ಛೆರೋಗದವರಿಗೆ ವಿಶ್ರಾಂತಿಯ ವಿದ್ಯೆ
(ಸಂಘದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯತಕ್ಕವರು. ಆದರೂ ಈ ವಿಷಯವಾಗಿ ನಾಲ್ಕು ಮಾತನಾಡಲು ಒಪ್ಪಿಕೊಂಡೆವು. ಏಕೆಂದರೆ ನಮ್ಮ ಮನೆಯಲ್ಲಿ 14 ವರ್ಷಗಳಿಂದ ಮೂರ್ಛೆರೋಗವಿದೆ. ಇದೇ ಸಭಾಂಗಣದಲ್ಲಿ ಇಷ್ಟು ವರ್ಷ ಹಬ್ಬದೂಟ ಉಂಡೆವು, ನಾಟಕ ನೋಡಿದೆವು, ಒಬ್ಬರಿಗೂ ಹೇಳಿರಲಿಲ್ಲ. ರೋಗ ತಮ್ಮನಿಗೆ, ಅಂಜಿಕೆ ತಂಗಿಯ ಮದುವೆಯದು! 1999ರಲ್ಲಿಯೇ ಕಾಯದೆಯನ್ನು ತಿದ್ದಿ, ಮೂರ್ಛೆರೋಗದ ಕಾರಣ ಮುಂದಿಟ್ಟು ಹಿಂದೂ ವಿವಾಹವನ್ನು ರದ್ದುಮಾಡಿಸುವ ಅವಕಾಶವನ್ನು ತೆಗೆದುಹಾಕಿದ್ದಾರೆ. ಕಾಯದೆಗೆ ತಿಳಿದದ್ದು ನಮ್ಮ ನೆಂಟರಿಷ್ಟರಿಗೆ ಇನ್ನೂ ತಿಳಿದಂತಿಲ್ಲ. ಇಂದು ತಮ್ಮನ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇವೆ. ಅವನು ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ.

ಮಿದುಳಿನ ಜೀವಕೋಶಗಳು ತಮ್ಮೊಳಗೆ ವಿದ್ಯುತ್ತಿನ ಸಂಜ್ಞೆಗಳಿಂದ ವ್ಯವಹರಿಸುವುವಷ್ಟೆ. ಅವುಗಳಲ್ಲೊಂದು ಗುಂಪು ಒಮ್ಮೆಗೇ ಗದ್ದಲವೆಬ್ಬಿಸಿದರೆ ಅದೇ ಫಿಟ್ಸು. ದೆವ್ವವಲ್ಲ, ಶಾಪವಲ್ಲ, ಅಂಟುವ ರೋಗವಂತೂ ಅಲ್ಲ. ಸರಿಯಾದ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ನೂರರಲ್ಲಿ 70 ಮಂದಿಯವರೆಗೆ ಫಿಟ್ಸಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ನಿದ್ದೆಗೆಟ್ಟಾಗ, ಚಿಂತೆ ಹೆಚ್ಚಿದಾಗ, ಮಾತ್ರೆ ನುಂಗುವವರಲ್ಲಿಯೂ ಹಲವರಿಗೆ ಅದು ಮರುಕಳಿಸುತ್ತದೆ. ಈ ನಗರದ ಬದುಕಿನಲ್ಲಿ ಅವೆರಡಕ್ಕೆ ಬರವುಂಟೆ? ವಿಶ್ರಾಂತಿಯ ವಿದ್ಯೆಗಳಿಗೆ ಸ್ಥಾನವಿರುವುದು ಇಲ್ಲಿಯೇ.

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು 160 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಯೋಗ: ಅಂಗಗಳನ್ನು ಸಡಿಲಿಸುವುದು, ನಿಧಾನವಾದ ಉಸಿರಾಟ, ಧ್ಯಾನ. ಇನ್ನೊಂದಕ್ಕೆ ನೋಟಕ್ಕೆ ಅದೇ. ಆದರೆ ಉಸಿರಿನ ಕಡೆಗೂ ಮೈಯ ಕಡೆಗೂ ಗಮನವಿಡುವ ಪಾಠವಿಲ್ಲ. 6 ತಿಂಗಳ ಬಳಿಕ, ಫಿಟ್ಸು ಅರ್ಧಕ್ಕಿಂತ ಹೆಚ್ಚು ಇಳಿಯುವ ಸಂಭವ ಯೋಗದ ಗುಂಪಿನಲ್ಲಿ ನಾಲ್ಕು ಪಟ್ಟು ಹೆಚ್ಚಾಗಿ ಕಂಡಿತು. ಸಂತೋಷದ ಸುದ್ದಿಯೆ. ಆದರೆ ಅವರಲ್ಲಿ ಬಹುಮಂದಿ ಎರಡು ಬಗೆಯ ಮಾತ್ರೆಗಳನ್ನಾದರೂ ನುಂಗುತ್ತಿದ್ದವರೆಂಬುದನ್ನು ಮರೆಯತಕ್ಕದ್ದಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿ. 2018ರಲ್ಲಿ ಅಮೆರಿಕದ ವೈದ್ಯರು 66 ರೋಗಿಗಳ ಮೇಲೆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಅದನ್ನು ಮಾಡಿದವರಿಗೆ ಫಿಟ್ಸು ನೂರಕ್ಕೆ 29ರಷ್ಟು ಇಳಿಯಿತು. ಬರಿದೆ ಗಮನವಿಟ್ಟು ಸಣ್ಣಪುಟ್ಟ ಅಭ್ಯಾಸ ಮಾಡಿದವರಿಗೆ 25ರಷ್ಟು. ವ್ಯತ್ಯಾಸ ಎಷ್ಟೆಂದು ಗುಮಾಸ್ತನಾದವನಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮನಸ್ಸಿನ ಒತ್ತಡ ಮಾತ್ರ ಮೊದಲನೆಯವರಿಗೆ ಹೆಚ್ಚು ಇಳಿದಿತ್ತು. ನಮ್ಮ ಮನೆಯಲ್ಲಿ ನಡೆಯುವುದೂ ಇದೇ ಅಭ್ಯಾಸ. ಚಾಪೆಯ ಮೇಲೆ ಅಂಗಾತ ಮಲಗಿ ಪಾದದ ಸ್ನಾಯುಗಳನ್ನು ಐದಾರು ಎಣಿಕೆಯಷ್ಟು ಬಿಗಿಹಿಡಿದು, ಮೆಲ್ಲನೆ ಬಿಡುವುದು. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಕೊನೆಗೆ ಹಣೆ. ಕಾಲು ಗಂಟೆ ಸಾಕು. ಕೊನೆಗೊಮ್ಮೆ ಗೊರಕೆಯೂ ಕೇಳುತ್ತದೆ; ಅದಕ್ಕೂ ಆಕ್ಷೇಪವಿಲ್ಲ, ನಿದ್ದೆಯೇ ಅವನಿಗೆ ದೊಡ್ಡ ಮದ್ದು.

ಈಗ ಹೇಳಲು ಬಂದ ಮಾತು. 2019ರಲ್ಲಿ ಯೋಗವನ್ನು ಹಿಡಿದ ನಮ್ಮ ತಮ್ಮನಿಗೆ ಐದು ತಿಂಗಳು ಫಿಟ್ಸು ಬರಲಿಲ್ಲ. ಗುಣವಾಯಿತೆಂದುಕೊಂಡು ಯಾರಿಗೂ ತಿಳಿಸದೆ ಮಾತ್ರೆ ಬಿಟ್ಟ. ನಾವೂ ಅವನ ಡಬ್ಬಿಯನ್ನು ನೋಡುವುದನ್ನು ಬಿಟ್ಟಿದ್ದೆವು. ಹತ್ತನೆಯ ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದ. ಒಬ್ಬರು ಕೈಗೆ ಕೀಲಿಗೊಂಚಲು ತುರುಕಿದರು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿದರು. ಹೂ ಮಾರುವ ಹೆಂಗಸೊಬ್ಬಳು ಅವರನ್ನೆಲ್ಲ ದೂಡಿ, ಅವನನ್ನು ಪಕ್ಕಕ್ಕೆ ಹೊರಳಿಸಿ, ತಲೆಯಡಿಗೆ ತನ್ನ ಸೆರಗಿಟ್ಟು ಕುಳಿತಳಂತೆ. ಮಾಡಬೇಕಾದುದು ಅಷ್ಟೆ. ಬಾಯಿಗೆ ಏನನ್ನೂ ಹಾಕಬಾರದು. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಹಣೆಗೆ ಏಳು ಹೊಲಿಗೆ ಬಿದ್ದವು. ಅಂದಿನಿಂದ ಯೋಗವೂ ಇದೆ, ಮಾತ್ರೆಯೂ ಇದೆ.

ಹಿತವೆನ್ನಿಸಿದ್ದೆಲ್ಲ ಹಿತವಲ್ಲವೆಂಬುದನ್ನೂ ಕಲಿತೆವು. ರಭಸದ ಉಸಿರಾಟದಿಂದ ಕೆಲವರಿಗೆ ಫಿಟ್ಸು ಬರುವುದುಂಟು. ಮಿದುಳಿನ ಅಲೆ ಬರೆಯುವ ಇ.ಇ.ಜಿ. ಕೋಣೆಯಲ್ಲಿ ರೋಗಿಯಿಂದ ಅದನ್ನು ಬೇಕೆಂದೇ ಮಾಡಿಸುತ್ತಾರೆ. ಆದ್ದರಿಂದ ಭಸ್ತ್ರಿಕ, ಕಪಾಲಭಾತಿಗಳನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಕರ್ಪೂರ, ನೀಲಗಿರಿ ಎಣ್ಣೆ ಸೇರಿದ ಮುಲಾಮುಗಳಿಂದಲೂ ಎಚ್ಚರ. ನೆಗಡಿಗೆಂದು ಹಚ್ಚಿದ್ದು ಫಿಟ್ಸಿಗೆ ಕಾರಣವಾದ ಪ್ರಸಂಗಗಳಿವೆ. ಇನ್ನು ನಮ್ಮ ಸೀಮೆಯದೇ ಒಂದು ಸಂಗತಿ. ಎಣ್ಣೆಸ್ನಾನದಲ್ಲಿ ತಲೆಯ ಮೇಲೆ ಬಿಸಿನೀರನ್ನು ಚೊಂಬುಚೊಂಬಾಗಿ ಸುರಿದಾಗ ಬರುವ ಫಿಟ್ಸು ದಕ್ಷಿಣ ಕರ್ನಾಟಕದ ವೈದ್ಯರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಅದರ ಅಧ್ಯಯನ ಬಹಳ ನಡೆದಿದೆ. ಅಂಥವರಿಗೆ ಉಗುರುಬೆಚ್ಚಗಿನ ನೀರೇ ಕ್ಷೇಮ. ದೀಪಾವಳಿಯ ದಿನ ಹಂಡೆಯ ಮುಂದೆ ನಿಂತ ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ, ಆದರೂ ಒಪ್ಪಿಸಿ.

ಗುಟ್ಟಿನ ಪುಡಿ ಕೊಡುವವರ ವಿಳಾಸ ನಮಗೂ ಹಲವರು ಕೊಟ್ಟಿದ್ದಾರೆ. ಅಂಥ ಕೆಲವು ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಸೇರಿಸಿದ್ದುಂಟು, ಅಳತೆಯಿಲ್ಲ, ಹೆಸರಿಲ್ಲ. ರಸೀದಿಯಿಲ್ಲದ ಠೇವಣಿಯನ್ನು ನಾವಂತೂ ಇಡುವವರಲ್ಲ.

ಸಭೆ ಮುಗಿದ ಮೇಲೆ ಯಾರಿಗಾದರೂ ಕೇಳಬೇಕೆನ್ನಿಸಿದರೆ ತಮ್ಮನನ್ನೇ ಕೇಳಿ. ನಮಗಿಂತ ಅವನು ಚೆನ್ನಾಗಿ ಹೇಳಿಯಾನು. ಈಗ ಒಂಬತ್ತು ಗಂಟೆ, ಅವನ ಮಾತ್ರೆಯ ಹೊತ್ತು. ಸ್ವಯಂಸೇವಕರು ಹಿಂದಿನ ಸಾಲಿಗೆ ಒಂದು ಲೋಟ ನೀರು ಕಳುಹಿಸಬೇಕಾಗಿ ವಿನಂತಿ.