ವಿಶ್ವಾಸದ ಪೂರ್ವಜರೊಬ್ಬರ ಊರನ್ನು ಅರಸುತ್ತಾ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂತ ಮತ್ತಾಯರ ಶುಭಸಂದೇಶವು ವಂಶಾವಳಿಯಿಂದ ಆರಂಭವಾಗುತ್ತದೆ. ಆ ಹೆಸರುಗಳ ಸರಮಾಲೆ ದೇವಾಲಯದಲ್ಲಿ ಪಠಿಸಲ್ಪಡುವಾಗ ನಮ್ಮಲ್ಲಿ ಕೆಲವರ ಮನಸ್ಸು ಬೇರೆಡೆಗೆ ಹರಿಯುವುದುಂಟು. ಆದರೂ ಲೋಕರಕ್ಷಕರು ಒಂದು ಕುಲದಲ್ಲಿ, ಒಂದು ಊರಿನಲ್ಲಿ, ಜನಗಣತಿ ನಡೆಯುತ್ತಿದ್ದ ಕಾಲದಲ್ಲಿ ಜನಿಸಿದರೆಂಬುದನ್ನು ನಾವು ಮರೆಯದಂತೆ ಶ್ರೀಸಭೆಯು ವರ್ಷವರ್ಷವೂ ಅದನ್ನು ಓದಿಸುತ್ತದೆ. ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿರುವ ಈ ಶುಭಸಂದರ್ಭದಲ್ಲಿ, ರಕ್ತಸಂಬಂಧದಿಂದಲ್ಲದಿದ್ದರೂ ವಿಶ್ವಾಸದಿಂದ ನಮಗೆ ಪೂರ್ವಜರಾದ ಒಬ್ಬರ ಮೂಲವನ್ನು ಅರಸುವುದು ಉಚಿತವೆಂದು ನಮಗೆ ತೋರಿತು. ಅವರೇ ಕ್ರಿಸ್ತಪುರಾಣದ ಕರ್ತೃ, ಯೇಸುಸಭೆಯ ಗುರು ತೋಮಸ್ ಸ್ಟೀಫನ್ಸ್.

ಅವರ ಉತ್ತರಾರ್ಧದ ಜೀವನವು ಸ್ಪಷ್ಟವಾಗಿದೆ. 1575ರಲ್ಲಿ ರೋಮಿನಲ್ಲಿ ಯೇಸುಸಭೆಗೆ ಸೇರಿದರು. 1579ರ ಏಪ್ರಿಲ್ 4ರಂದು ಲಿಸ್ಬನ್ನಿನಿಂದ ಹೊರಟು ಅಕ್ಟೋಬರ್ 24ರಂದು ಗೋವೆಯನ್ನು ತಲುಪಿದರು. ಸುಮಾರು ನಲವತ್ತು ವರ್ಷ ಆ ನಾಡಿನ ಜನರ ನಡುವೆ, ಬಹುಪಾಲು ಸಾಲ್ಸೆಟ್ ಪ್ರಾಂತದಲ್ಲಿ, ದುಡಿದು 1619ರಲ್ಲಿ ದೇವರ ಪಾದ ಸೇರಿದರು. ಸುಮಾರು 11,000 ಓವಿಗಳ ಅವರ ಪುರಾಣವು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅವರು ಬರೆದ ಕೊಂಕಣಿ ವ್ಯಾಕರಣವು 1640ರಲ್ಲಿ, ಅವರ ಮರಣಾನಂತರ, ಪ್ರಕಟವಾಯಿತು.

ಆದರೆ ಹುಟ್ಟು? ಇಲ್ಲಿ ಹಾದಿ ಮಸುಕಾಗುತ್ತದೆ. ಸ್ಟೀಫನ್ಸ್ ಎಂಬುದು ಇಂಗ್ಲೆಂಡಿನಲ್ಲಿ ಬಹು ಸಾಮಾನ್ಯವಾದ ಹೆಸರು. ತಂದೆಯ ಹೆಸರೂ ತೋಮಸ್ ಎಂದೇ. ಪೋರ್ಚುಗೀಸರ ನಾಲಗೆಯಲ್ಲಿ ನಮ್ಮ ಗುರುಗಳು ಎಸ್ತೆವಾಂವ್ ಆದರು. ಕೆಲವು ಬರಹಗಳಲ್ಲಿ ಬುಸ್ತನ್, ಬುಬ್‌ಸ್ಟನ್ ಎಂಬ ವಿಚಿತ್ರ ಪದವೊಂದು ಅವರ ಹೆಸರಿಗೆ ಅಂಟಿಕೊಂಡಿತು. ಅದು ಮನೆತನದ ಹೆಸರೆಂದು ಭಾವಿಸಿದವರು ದಾರಿ ತಪ್ಪಿದರು. ವಾಸ್ತವದಲ್ಲಿ ಅದು ಊರಿನ ಹೆಸರು: ಇಂಗ್ಲೆಂಡಿನ ವಿಲ್ಟ್‌ಷರ್ ಸೀಮೆಯಲ್ಲಿ, ಕ್ಲಿಫ್ ಪೈಪರ್ಡ್ ಎಂಬ ಧರ್ಮಕೇಂದ್ರಕ್ಕೆ ಸೇರಿದ ಬುಷ್‌ಟನ್ ಎಂಬ ಹಳ್ಳಿ. ಅಪಭ್ರಂಶವಾದ ಒಂದು ಪದವೇ ಕಳೆದುಹೋದ ಊರಿಗೆ ಕೈಮರವಾಯಿತು.

ಹಾಗಾದರೆ ಊರ ದೇವಾಲಯದ ಪುಸ್ತಕವನ್ನು ತೆರೆದು ನೋಡಬಾರದೇ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳನ್ನು ಬರೆದಿಡಬೇಕೆಂಬ ಆಜ್ಞೆ 1538ರಲ್ಲಿ ಹೊರಟಿತು. ಹಾಳಾಗುವ ಕಾಗದದಿಂದ ಅವನ್ನು ಚರ್ಮಪತ್ರಕ್ಕೆ ನಕಲು ಮಾಡಬೇಕೆಂದು 1598ರಲ್ಲಿ ವಿಧಿಸಲಾಯಿತು. ವಿಶೇಷವಾಗಿ 1558ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದಂದಿನಿಂದ ನಕಲಿಸಬೇಕೆಂದು ಆಜ್ಞೆಯಲ್ಲಿದ್ದುದರಿಂದ, ಅನೇಕ ಕಡೆಗಳಲ್ಲಿ ಬರಹಗಾರರು ಅದಕ್ಕಿಂತ ಹಿಂದಿನ ಹಾಳೆಗಳನ್ನು ಕೈಬಿಟ್ಟರು. ನಮ್ಮ ಗುರುಗಳು ಹುಟ್ಟಿದ್ದು ಸುಮಾರು 1549ರಲ್ಲಿ. ಅಂಥ ಕಾಲದ ಮಗುವನ್ನು ಪುಸ್ತಕದಲ್ಲಿ ಹುಡುಕುವುದೆಷ್ಟು ಕಠಿಣವೆಂದು ಇದರಿಂದ ತಿಳಿಯುತ್ತದೆ.

ಆಗ ಅರಸುವವರು ಬೇರೆ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ಒಂದು, ಪತ್ರ. ಗೋವೆಗೆ ಬಂದಿಳಿದ ಕೆಲವೇ ದಿನಗಳಲ್ಲಿ, 1579ರ ನವೆಂಬರ್ 10ರಂದು, ಅವರು ತಂದೆಗೆ ಸಮುದ್ರಯಾನದ ವಿವರವನ್ನು ಬರೆದರು. 1589ರಲ್ಲಿ ಹಕ್ಲೂಯಿಟ್ ಎಂಬ ವಿದ್ವಾಂಸರು ಅದನ್ನು ಅಚ್ಚು ಹಾಕಿಸಿದುದರಿಂದ, ತಂದೆಯು ಲಂಡನ್ನಿನ ವರ್ತಕನಾಗಿದ್ದನೆಂಬುದು ಲೋಕಕ್ಕೆ ತಿಳಿಯಿತು. ಮಗನ ಮಮತೆಯ ಓಲೆಯೇ ವಂಶದ ದಾಖಲೆಯಾಯಿತು. ಎರಡನೆಯದು, ಸ್ನೇಹಿತನ ಕಥೆ. ತೋಮಸ್ ಪೌಂಡ್ ಎಂಬ ಕುಲೀನರು ಅವರೊಡನೆ ರೋಮಿಗೆ ಹೊರಡಲು ಸಿದ್ಧರಾಗಿದ್ದಾಗ ಬಂಧಿತರಾಗಿ, ವಿಶ್ವಾಸಕ್ಕಾಗಿ ಸುಮಾರು ಮೂವತ್ತು ವರ್ಷ ಸೆರೆಮನೆಯಲ್ಲಿ ಕಳೆದರು. ಅವರನ್ನು ಯೇಸುಸಭೆಗೆ ಸೇರಿಸಿಕೊಳ್ಳಬೇಕೆಂದು ಸ್ಟೀಫನ್ಸ್ 1578ರಲ್ಲಿ ಮಾಡಿದ ಬಿನ್ನಹವು ಉಳಿದುಬಂದಿದೆ. ಗೆಳೆಯನಿಗಾಗಿ ಬರೆದ ಆ ಮಾತುಗಳಿಂದ ಅವರ ಸ್ವಂತ ಯೌವನದ ಮೇಲೂ ಬೆಳಕು ಬೀಳುತ್ತದೆ.

ಇನ್ನೊಂದು ಬಗೆಯ ದಾಖಲೆಯನ್ನು ನೆನೆದಾಗ ನಮ್ಮ ಹೃದಯ ತುಂಬಿ ಬರುತ್ತದೆ. ರಾಣಿಯ ಕಾಲದಲ್ಲಿ ಪ್ರೊಟೆಸ್ಟಂಟ್ ಆರಾಧನೆಗೆ ಹೋಗದ ಕ್ಯಾಥೊಲಿಕರಿಗೆ 1581ರ ಕಾನೂನು ತಿಂಗಳಿಗೆ 20 ಪೌಂಡ್ ದಂಡ ವಿಧಿಸಿತು. 1592ರಿಂದ ಅಂಥವರ ಹೆಸರುಗಳನ್ನು ಪ್ರತ್ಯೇಕ ಸುರುಳಿಗಳಲ್ಲಿ ಬರೆಯತೊಡಗಿದರು. ಗುಟ್ಟಾಗಿ ಬಲಿಪೂಜೆ ಕೇಳಿ, ಗುಟ್ಟಾಗಿ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿದ ಅನೇಕ ಕುಟುಂಬಗಳ ಹೆಸರುಗಳನ್ನು ಇಂದು ಅವರ ಸಂತತಿಯವರು ಹುಡುಕುವುದು ಆ ದಂಡದ ಪಟ್ಟಿಗಳಲ್ಲಿಯೇ. ಶಿಕ್ಷಿಸಲೆಂದು ಬರೆದುದು ಸಾಕ್ಷ್ಯವಾಗಿ ನಿಂತಿತು. ದೇವರ ಲೆಕ್ಕ ಎಂದರೆ ಹೀಗೆಯೇ!

ಈಗ ನಮ್ಮ ಕರಾವಳಿಗೆ ಬರೋಣ. ಕ್ರಿಸ್ತಪುರಾಣದ ಮೊದಲ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಕಾಣಸಿಗದು. ಆದರೂ ಗೋವೆಯಿಂದ ಕನ್ನಡ ಜಿಲ್ಲೆಗೆ ವಲಸೆ ಬಂದ ಕ್ಯಾಥೊಲಿಕರು ಅದನ್ನು ಹಾಡಿದರು, ಕೈಯಿಂದ ಬರೆದಿಟ್ಟರು. ಆ ಕೈಬರಹಗಳ ಬಲದಿಂದಲೇ 1907ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಗ್ರಂಥವನ್ನು ಮತ್ತೆ ಅಚ್ಚಿಗೆ ತಂದರು. ಅಚ್ಚಿನ ಪ್ರತಿ ಅಳಿದರೂ ಕೈಬರಹ ಉಳಿಯಿತು. ಅದೇ ಜನರ ಮೇಲೆ 1784ರಲ್ಲಿ ಸೆರೆವಾಸದ ವಿಪತ್ತು ಎರಗಿ, ಇಗರ್ಜಿಗಳು ನೆಲಸಮವಾದಾಗ, ಅಲ್ಲಿದ್ದ ಪುಸ್ತಕಗಳಿಗೂ ಉಳಿವಿರಲಿಲ್ಲ. ಅಜ್ಜನ ತಂದೆಯ ಹೆಸರಿನಾಚೆಗೆ ಹೋಗಲಾರದೆ ನಿಲ್ಲುವ ಕುಟುಂಬಗಳು ನಮ್ಮಲ್ಲಿ ಅನೇಕವಿರುವುದಕ್ಕೆ ಇದೂ ಒಂದು ಕಾರಣ.

ಪ್ರಿಯರೇ, ಜ್ಞಾನಪಿತೃ, ಜ್ಞಾನಮಾತೃಗಳ ಹೆಸರುಗಳನ್ನು ಬರೆದಿಡಬೇಕೆಂದು ತ್ರೆಂತ್ ಮಹಾಸಭೆಯು 1563ರಲ್ಲಿ ಗುರುಗಳಿಗೆ ವಿಧಿಸಿತು. ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಪುಸ್ತಕಗಳು ಆ ಆಜ್ಞೆಯ ಫಲ. ಅವುಗಳಲ್ಲಿ ಕೂಲಿಯವನ ಮಗುವಿಗೂ ಜಮೀನ್ದಾರನ ಮಗುವಿಗೂ ಮೀಸಲಾದುದು ಒಂದೇ ಅಳತೆಯ ಸಾಲು. ಅಂಚಿನಲ್ಲಿ ಬರೆದ ವಿವಾಹದ ಟಿಪ್ಪಣಿಯಿಂದ, ದೂರದ ಊರಿಗೆ ಹೋದ ಮಗಳ ಜಾಡು ಇಂದಿಗೂ ಸಿಗುತ್ತದೆ. ಗೆದ್ದಲು, ತೇವ, ಅಲಕ್ಷ್ಯ ಈ ಮೂರು ಶತ್ರುಗಳಿಂದ ಅವನ್ನು ಕಾಯುವುದು ಗುರುಗಳೊಬ್ಬರ ಹೊಣೆಯಲ್ಲ.

ನೀವೂ ಮನೆಯ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿರಿ: ಯಾವ ಊರು, ಯಾವ ಇಗರ್ಜಿ, ತಾಯಿಯ ತವರು ಯಾವುದು ಎಂದು. ಕೇಳಿದುದನ್ನು ವರ್ಷದೊಡನೆ ಬರೆದಿಡಿರಿ. ಹಳೆಯ ಪತ್ರಗಳನ್ನು ಒಲೆಗೆ ಹಾಕಬೇಡಿರಿ. ಬುಷ್‌ಟನ್ನಿನ ಒಬ್ಬ ಬಾಲಕನ ಹುಟ್ಟಿನ ದಿನ ಇಂದಿಗೂ ನಮಗೆ ಸಿಕ್ಕಿಲ್ಲ. ಆದರೆ ಅವರು ತಂದೆಗೆ ಬರೆದ ಓಲೆ ಸಿಕ್ಕಿದೆ, ಅವರು ಹಾಡಿಸಿದ ಪುರಾಣ ಸಿಕ್ಕಿದೆ. ನಮ್ಮ ಮೊಮ್ಮಕ್ಕಳು ಮುಂದಿನ ನೂರು ವರ್ಷದ ಹಬ್ಬವನ್ನು ಆಚರಿಸುವಾಗ, ನಮ್ಮ ಹೆಸರಿನೊಡನೆ ನಮ್ಮ ವಿಶ್ವಾಸದ ಗುರುತೂ ಅವರಿಗೆ ಸಿಗುವಂತಾಗಲಿ. ಎಲ್ಲರ ಹೆಸರುಗಳನ್ನೂ ಬಲ್ಲ ಪ್ರಭುವು ನಿಮ್ಮನ್ನೂ ನಿಮ್ಮ ಮನೆತನಗಳನ್ನೂ ಆಶೀರ್ವದಿಸಲಿ.