ಯಾರ ಸೊಂಟದಲ್ಲಿ?

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿಸ್ತೂಲು ಇಡೋ ಚರ್ಮದ ಚೀಲಕ್ಕೆ ಹೋಲ್‌ಸ್ಟರ್ ಅಂತಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಈ ಚೀಲಕ್ಕೂ ಕಾನೂನುಂಟು. ಲೈಸೆನ್ಸ್ ಇದ್ದವರು ಪಿಸ್ತೂಲನ್ನು ನಾಲ್ಕು ಜನಕ್ಕೆ ಕಾಣುವಂತೆ ಒಯ್ಯಬಹುದು, ಆದರೆ ಅದು ಬೆಲ್ಟಿನ ಇಲ್ಲವೇ ಹೆಗಲಿನ ಹೋಲ್‌ಸ್ಟರಿನಲ್ಲೇ ಇರಬೇಕು ಎಂದು 2016ರ ಜನವರಿಯಲ್ಲಿ ನಿಯಮವಾಯಿತು. 2021ರ ಸೆಪ್ಟೆಂಬರಿನಿಂದ, 21 ವರ್ಷ ತುಂಬಿ ಬೇರೆ ಅಡ್ಡಿಯಿಲ್ಲದವರಿಗೆ ಲೈಸೆನ್ಸೂ ಬೇಡವಾಯಿತು. ಹೋಲ್‌ಸ್ಟರ್ ಯಾವುದಾದರೂ ಸರಿ, ಇದ್ದರಾಯಿತು.

ಹಾಸ್ಟೆಲಿನ ನೀರುಸಾರು ಉಂಡು ಬಂದ ನಮಗೆ ಇದ್ಯಾಕಪ್ಪಾ ಅಂತ ನೀವು ಕೇಳಬಹುದು. ಚರ್ಮ ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರು ಊರಿಗೆಲ್ಲಾ ಮೆಟ್ಟು ಹೊಲಿದು ಕೊಟ್ಟರು. ಅದೇ ಮೆಟ್ಟು ತಾವು ಮೆಟ್ಟಿ ಮೇಲಿನ ಕೇರಿಯಲ್ಲಿ ನಡೆದರೆ ಒದೆ ತಿಂದರು. ಚರ್ಮ ಅದೇ, ಹೊಲಿಗೆ ಅದೇ. ಯಾರ ಕಾಲಲ್ಲಿ ಅನ್ನೋದೇ ಪ್ರಶ್ನೆ. ಹೋಲ್‌ಸ್ಟರಿನ ಪ್ರಶ್ನೆಯೂ ಅದೇ. ಯಾರ ಸೊಂಟದಲ್ಲಿ?

1865ರಲ್ಲಿ ಅಮೆರಿಕದ ಗುಲಾಮಗಿರಿ ಕೊನೆಗೊಂಡಿತು. ಅದೇ ವರ್ಷ ಮಿಸಿಸಿಪಿ ರಾಜ್ಯ, ಬಿಡುಗಡೆಯಾದ ಕಪ್ಪು ಜನ ಅನುಮತಿಯಿಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಎಂದು ಕಾನೂನು ಮಾಡಿತು. ಸರಪಳಿ ಬಿಚ್ಚಿದ ಕೈಗೆ ಕಾಗದದ ಸರಪಳಿ!

ನೂರು ವರ್ಷ ಕಳೆಯಿತು. 1966ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಎಂಬಿಬ್ಬರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಪೊಲೀಸರು ಕಪ್ಪು ಜನರ ಕೇರಿಗಳಿಗೆ ನುಗ್ಗಿ ಬಡಿಯುತ್ತಿದ್ದ ಕಾಲ. ನ್ಯೂಟನ್ ಕಾನೂನು ಓದಿಕೊಂಡಿದ್ದ. ಬಚ್ಚಿಟ್ಟು ಒಯ್ದರೆ ಅಪರಾಧ, ಬಯಲಾಗಿ ಒಯ್ದರೆ ಅಪರಾಧವಲ್ಲ ಅನ್ನೋದು ಅಲ್ಲಿನ ಅಂದಿನ ಕಾನೂನು. ಒಂದು ಕೈಲಿ ಬಂದೂಕು, ಇನ್ನೊಂದು ಕೈಲಿ ಕಾನೂನು ಪುಸ್ತಕ ಹಿಡಿದು ಅವರು ಪೊಲೀಸ್ ಗಾಡಿಯ ಹಿಂದೆ ಹೋದರು. ದೂರ ನಿಂತು ನೋಡಿದರು. ಹಿಡಿಸಿಕೊಂಡವನಿಗೆ ಅವನ ಹಕ್ಕು ಓದಿ ಹೇಳಿದರು.

ಆಗ ಏನಾಯ್ತು? ಶಾಸಕ ಡಾನ್ ಮಲ್ಫರ್ಡ್ ಒಂದು ಮಸೂದೆ ತಂದ. ಅದನ್ನು ವಿರೋಧಿಸಿ 1967ರ ಮೇ 2ರಂದು ಪ್ಯಾಂಥರುಗಳು ಬಂದೂಕು ಸಮೇತ ಸ್ಯಾಕ್ರಮೆಂಟೊ ಶಾಸನಸಭೆಗೆ ನಡೆದರು. ಜುಲೈಯಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ. ಗುಂಡು ತುಂಬಿದ ಬಂದೂಕನ್ನು ಬೀದಿಯಲ್ಲಿ ಒಯ್ಯುವುದು ಅಪರಾಧವಾಯಿತು. ಬಿಳಿಯರು ಒಯ್ಯುವವರೆಗೆ ಹಕ್ಕು. ಕಪ್ಪು ಹುಡುಗರು ಒಯ್ದ ಕೂಡಲೇ ಅಪಾಯ!

ಇದು ನಮಗೆ ಗೊತ್ತಿರೋ ಕಥೆಯೇ. ಮಹಾಡಿನ ಪುರಸಭೆ 1924ರಲ್ಲಿ ಚೌದಾರ್ ಕೆರೆಯನ್ನು ಅಸ್ಪೃಶ್ಯರಿಗೂ ತೆರೆಯಿತು, ಕಾಗದದಲ್ಲಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ಹೋಗಿ ಬೊಗಸೆ ನೀರು ಕುಡಿದರು. ಕೈಯಲ್ಲಿ ಬಂದೂಕಿರಲಿಲ್ಲ, ಬೊಗಸೆಯಿತ್ತು. ಜನರ ಮೇಲೆ ದೊಣ್ಣೆ ಬಿತ್ತು. ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸ್ ಪಡೆಯಿತು. ಹಕ್ಕು ಕಾಗದದಲ್ಲಿ ಮಲಗಿರೋವರೆಗೆ ಯಾರಿಗೂ ತಕರಾರಿಲ್ಲ. ನಾವು ಎಬ್ಬಿಸಿದಾಗ ಕಾಗದವನ್ನೇ ಹರಿಯುತ್ತಾರೆ.

ಕಾಗದ ಹರಿಯದಿದ್ದರೂ ಕಷ್ಟವೇ. 2016ರಲ್ಲಿ ಮಿನ್ನೆಸೋಟದಲ್ಲಿ, ಲೈಸೆನ್ಸ್ ಇದ್ದ ಕಪ್ಪು ಮನುಷ್ಯನೊಬ್ಬ ತನ್ನಲ್ಲಿ ಪಿಸ್ತೂಲಿದೆ ಎಂದು ಪೊಲೀಸನಿಗೆ ತಾನೇ ಹೇಳಿದ. ಕಾರಿನಲ್ಲಿ ಕೂತಲ್ಲೇ ಗುಂಡಿಗೆ ಬಲಿಯಾದ. ಮರುವರ್ಷ ಆ ಪೊಲೀಸ್ ಖುಲಾಸೆಯಾದ.

ಹಾಗಾದರೆ ನಾವು ಬಂದೂಕು ಹಿಡಿಯಬೇಕೆ? ಅಲ್ಲ ಗೆಳೆಯರೇ. 1972ರಲ್ಲಿ ಮುಂಬಯಿಯ ದಲಿತ ಯುವಕರು ಪ್ಯಾಂಥರ್ ಎಂಬ ಹೆಸರು ತಂದರು. ನಾವು ತರಬೇಕಾದ್ದು ನ್ಯೂಟನ್ನನ ಇನ್ನೊಂದು ಕೈಲಿದ್ದ ಪುಸ್ತಕ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 3ನೆಯದನ್ನು ತೆಗೆದು ನೋಡಿ. ದೌರ್ಜನ್ಯದ ಭಯವಿರುವ ಕಡೆ, ಅಗತ್ಯ ಕಂಡರೆ, ಸರ್ಕಾರ ಮೇಲ್ಜಾತಿಯವರ ಬಂದೂಕಿನ ಲೈಸೆನ್ಸ್ ರದ್ದು ಮಾಡಬೇಕು, ಕಳ್ಳ ಬಂದೂಕು ವಶಪಡಿಸಿಕೊಳ್ಳಬೇಕು, ನಮ್ಮವರಿಗೆ ರಕ್ಷಣೆಗೆ ಲೈಸೆನ್ಸ್ ಕೊಡಬೇಕು ಅಂತಿದೆ. ನಮ್ಮಲ್ಲಿ ಎಷ್ಟು ಜನ ಇದನ್ನು ಓದಿದ್ದೇವೆ? ನಮಗೆ ಲೈಸೆನ್ಸ್ ಬೇಡ. ಅವರ ಬಂದೂಕು ಕೆಳಗಿಳಿಯಲಿ, ಸಾಕು. ಅದನ್ನು ಬರೆದು ಕೇಳೋಣ, ಸಹಿ ಹಾಕಿ ಕೇಳೋಣ.

ಚೌದಾರ್ ಕೆರೆಯ ದಾವೆ ಗೆಲ್ಲೋಕೆ 1937 ಬಂತು. ಹತ್ತು ವರ್ಷ. ಬಾಬಾಸಾಹೇಬರು ಪುಸ್ತಕ ಕೆಳಗಿಡಲಿಲ್ಲ. ನಾವೂ ಇಡಬಾರದು.

ಜೈ ಭೀಮ್.